ಸ್ಪ್ಯಾನಿಷ್ ಭಾಷೆಯ ಅಪೂರ್ಣಭೂತದಲ್ಲಿ ಆತ್ಮಾರ್ಥಕ ಕ್ರಿಯಾಪದಗಳು: ಕನ್ನಡದ ‘ಕೊಳ್ಳು’ವಿನ ಬೆಳಕಿನಲ್ಲಿ

ಪರಭಾಷೆಯೊಂದನ್ನು ಕಲಿಯಹೊರಟವನಿಗೆ ಆ ಭಾಷೆ ಯಾವ ರೂಪದಲ್ಲಿ ಕಾಣುತ್ತದೆಂಬುದು ಅವನು ಯಾವ ಬಾಗಿಲಿನಿಂದ ಒಳಹೊಗುತ್ತಾನೆಂಬುದನ್ನು ಅವಲಂಬಿಸಿರುತ್ತದೆ. ಭಾರತದಲ್ಲಿ ಸ್ಪ್ಯಾನಿಷ್ ಕಲಿಯುವವರಿಗೆ ಈ ಬಾಗಿಲು ಬಹುಮಟ್ಟಿಗೆ ಇಂಗ್ಲಿಷಿನದೇ ಆಗಿದೆ. ಸ್ಪೇನ್ ಸರಕಾರದ ಸೆರ್ವಾಂತೆಸ್ ಸಂಸ್ಥೆಯು 2009ರಲ್ಲಿ ದೆಹಲಿಯಲ್ಲಿ ತನ್ನ ಕೇಂದ್ರವನ್ನು ತೆರೆದ ಮೇಲೆ ಈ ಭಾಷೆಯ ಕಲಿಕೆಗೆ ಅನುಕೂಲ ಹೆಚ್ಚಿತು. ಆದರೂ ಕನ್ನಡಿಗನಾದ ವಿದ್ಯಾರ್ಥಿಯು ತನ್ನ ಮಾತೃಭಾಷೆಯನ್ನು ಹೊರಗೆ ಬಿಟ್ಟೇ ತರಗತಿಯನ್ನು ಪ್ರವೇಶಿಸುವುದು ವಾಡಿಕೆ. ಇದರಿಂದ ಆಗುವ ನಷ್ಟವೆಷ್ಟೆಂಬುದನ್ನು ಆ ವ್ಯಾಕರಣದ ಒಂದೇ ಒಂದು ಪ್ರಕರಣದಿಂದ ತೋರಿಸಬಹುದು. ಅದು ಅಪೂರ್ಣಭೂತದಲ್ಲಿ ಆತ್ಮಾರ್ಥಕ ಕ್ರಿಯಾಪದಗಳ ಪ್ರಯೋಗ.

ಮೊದಲು ರೂಪವನ್ನು ನೋಡಬೇಕು. (ಒತ್ತು ಬೀಳುವ ಸ್ವರವನ್ನು ಇಲ್ಲಿ ದೀರ್ಘವಾಗಿ ಬರೆಯಲಾಗಿದೆ.) ‘ಲೆವಂತಾರ್’ ಎಂದರೆ ಎತ್ತು, ಎಬ್ಬಿಸು; ಅದಕ್ಕೆ ‘ಸೆ’ ಸೇರಿ ‘ಲೆವಂತಾರ್ಸೆ’ ಎಂದಾದರೆ ಏಳು ಎಂಬರ್ಥ. ಅಪೂರ್ಣಭೂತದಲ್ಲಿ ಇದು ಹೀಗೆ ನಡೆಯುತ್ತದೆ: ಮೆ ಲೆವಂತಾಬ (ನಾನು ಏಳುತ್ತಿದ್ದೆನು), ತೆ ಲೆವಂತಾಬಸ್ (ನೀನು), ಸೆ ಲೆವಂತಾಬ (ಅವನು, ಅವಳು), ನೊಸ್ ಲೆವಂತಾಬಮೊಸ್ (ನಾವು), ಒಸ್ ಲೆವಂತಾಬಯಿಸ್ (ನೀವು), ಸೆ ಲೆವಂತಾಬನ್ (ಅವರು). ‘ಏರ್’, ‘ಈರ್’ ಎಂದು ಮುಗಿಯುವ ಧಾತುಗಳಿಗೆ ‘ಆಬ’ದ ಬದಲು ‘ಈಯ’ ಎಂಬ ಪ್ರತ್ಯಯ ಹತ್ತುತ್ತದೆ. ‘ವೆಸ್ತೀರ್ಸೆ’ (ಉಟ್ಟುಕೊಳ್ಳು) ಎಂಬುದು ‘ಸೆ ವೆಸ್ತೀಯ’ ಎಂದಾಗುತ್ತದೆ. ವರ್ತಮಾನದಲ್ಲಿ ಸ್ವರ ಬದಲಿಸುವ ಧಾತುಗಳು ಕೂಡ ಇಲ್ಲಿ ಬದಲಾಗುವುದಿಲ್ಲ: ‘ಮೆ ಅಕ್ವೇಸ್ತೊ’ (ಮಲಗುತ್ತೇನೆ) ಎಂದಿದ್ದುದು ‘ಮೆ ಅಕೊಸ್ತಾಬ’ (ಮಲಗುತ್ತಿದ್ದೆನು) ಎಂದು ಮೂಲಸ್ವರಕ್ಕೆ ಮರಳುತ್ತದೆ. ಇಡೀ ಭಾಷೆಯಲ್ಲಿ ಈ ಕಾಲದಲ್ಲಿ ನಿಯಮ ತಪ್ಪುವ ಮೂಲಧಾತುಗಳು ಇರು, ಹೋಗು, ನೋಡು ಎಂಬರ್ಥದ ಸೇರ್, ಈರ್, ವೇರ್ ಎಂಬ ಮೂರು ಮಾತ್ರ. ರೂಪದಲ್ಲಿ ಇಷ್ಟು ಸರಳವಾದ ಕಾಲವು ಸ್ಪ್ಯಾನಿಷಿನಲ್ಲಿ ಅಪರೂಪ. ತೊಡಕೆಲ್ಲ ಇರುವುದು ಅರ್ಥದಲ್ಲಿ.

ಚಿಲಿ ದೇಶದಲ್ಲಿ ನೆಲಸಿ 1847ರಲ್ಲಿ ಅಮೆರಿಕದ ಸ್ಪ್ಯಾನಿಷ್ ಭಾಷಿಕರಿಗಾಗಿ ವ್ಯಾಕರಣ ಬರೆದ ಆಂದ್ರೇಸ್ ಬೇಯೊ ಎಂಬ ಪಂಡಿತನು ಈ ಕಾಲಕ್ಕೆ ‘ಕೊಪ್ರೆತೇರಿತೊ’, ಅಂದರೆ ಸಹಭೂತ, ಎಂದು ಹೆಸರಿಟ್ಟನು. ಗತಿಸಿದ ಒಂದು ಸಂಗತಿಯ ಜೊತೆಜೊತೆಗೇ ಇನ್ನೊಂದು ನಡೆಯುತ್ತಿದ್ದಿತು ಎಂಬುದೇ ಇದರ ತಿರುಳು. ಕ್ರಿಯೆಯು ಎಂದು ಮೊದಲಾಯಿತು, ಎಂದು ಮುಗಿಯಿತು ಎಂಬುದನ್ನು ಅಪೂರ್ಣಭೂತವು ಹೇಳುವುದಿಲ್ಲ. ಸೆರ್ವಾಂತೆಸನು 1605ರಲ್ಲಿ ಪ್ರಕಟಿಸಿದ ‘ದೊನ್ ಕಿಹೋತೆ’ಯ ಮೊದಲ ಅಧ್ಯಾಯದಲ್ಲಿ ಕಥಾನಾಯಕನ ಊಟ, ಉಡುಗೆ, ವಯಸ್ಸುಗಳ ವರ್ಣನೆ ಸಾಗುವುದು ಮುಖ್ಯವಾಗಿ ಈ ಕಾಲದಲ್ಲಿಯೇ. ಮುಗಿದ ಘಟನೆಗೆ ಬೇರೊಂದು ಭೂತಕಾಲವುಂಟು. ‘ಸೆ ಮುರಿಯೋ’ ಎಂದರೆ ಅವನು ಸತ್ತನು. ‘ಸೆ ಮೊರೀಯ’ ಎಂದರೆ ಸಾಯುವ ಸ್ಥಿತಿಯಲ್ಲಿದ್ದನು. ಮುಂದೆ ಬದುಕಿಯೂ ಇರಬಹುದು. ಒಂದು ಪ್ರತ್ಯಯದ ಅಂತರದಲ್ಲಿ ಒಂದು ಪ್ರಾಣದ ಅಂತರವಿದೆ.

ಇಂಗ್ಲಿಷ್ ಪಠ್ಯಪುಸ್ತಕಗಳು ಈ ಒಂದು ಕಾಲವನ್ನು ಎರಡಾಗಿ ಒಡೆದು ತೋರಿಸಬೇಕಾಗುತ್ತದೆ. ರೂಢಿಗೆ ಒಂದು ಪದಗುಚ್ಛ, ನಡೆಯುತ್ತಿದ್ದ ಕ್ರಿಯೆಗೆ ಇನ್ನೊಂದು. ಕನ್ನಡಿಗನಿಗೆ ಈ ಒಡಕು ಬೇಕಿಲ್ಲ. ‘ಪ್ರತಿದಿನವೂ ಕೈ ತೊಳೆದುಕೊಳ್ಳುತ್ತಿದ್ದನು’ ಎಂಬಲ್ಲಿಯೂ ‘ಅತಿಥಿ ಬಂದಾಗ ಕೈ ತೊಳೆದುಕೊಳ್ಳುತ್ತಿದ್ದನು’ ಎಂಬಲ್ಲಿಯೂ ಕ್ರಿಯಾಪದ ಒಂದೇ. ಸ್ಪ್ಯಾನಿಷಿನಲ್ಲಿಯೂ ಎರಡೂ ಕಡೆ ‘ಸೆ ಲವಾಬ ಲಸ್ ಮಾನೊಸ್’ ಎಂಬುದು ಒಂದೇ. ಇಷ್ಟಕ್ಕೇ ನಿಲ್ಲದೆ, ಕೈ ಯಾರದೆಂಬುದನ್ನು ಸ್ಪ್ಯಾನಿಷಿನಲ್ಲಿ ‘ಸೆ’ ಸೂಚಿಸಿದರೆ ಕನ್ನಡದಲ್ಲಿ ‘ಕೊಳ್ಳು’ ಸೂಚಿಸುತ್ತದೆ. ‘ತನ್ನ’ ಎಂಬ ಮಾತು ಎರಡು ಭಾಷೆಗಳಲ್ಲಿಯೂ ಅನವಶ್ಯಕ. ಇಂಗ್ಲಿಷಿಗೆ ಅದಿಲ್ಲದೆ ನಡೆಯದು. ‘ತೊಳೆದುಕೊಳ್ಳುತ್ತಿದ್ದನು’ ಎಂಬ ಒಂದೇ ಪದದಲ್ಲಿ ಆತ್ಮಾರ್ಥವೂ ಅಪೂರ್ಣಭೂತವೂ ಒಟ್ಟಿಗೆ ಅಡಗಿರುವಾಗ, ಅದನ್ನು ಬಿಟ್ಟು ‘ತನ್ನನ್ನು ತಾನು ತೊಳೆಯುತ್ತಿದ್ದನು’ ಎಂದು ಇಂಗ್ಲಿಷಿನ ಮೂಲಕ ಅರ್ಥಮಾಡಿಕೊಳ್ಳುವುದು ಸುತ್ತುದಾರಿಯೇ ಸರಿ.

ಹಾಗೆಂದು ಎರಡು ಭಾಷೆಗಳೂ ಒಂದೇ ಅಚ್ಚಿನಲ್ಲಿ ಎರಕಗೊಂಡವೆಂದು ಭಾವಿಸಲಾಗದು. ಕನ್ನಡವು ಏಳು, ಮಲಗು, ಉಡು ಎಂಬ ಧಾತುಗಳಿಂದ ಹೊರಟು ಎಬ್ಬಿಸು, ಮಲಗಿಸು, ಉಡಿಸು ಎಂಬ ಪ್ರೇರಣಾರ್ಥಕಗಳನ್ನು ಕಟ್ಟುತ್ತದೆ. ಸ್ಪ್ಯಾನಿಷಿನ ನಡೆ ಇದಕ್ಕೆ ವಿರುದ್ಧ. ಅಲ್ಲಿ ಲೆವಂತಾರ್ (ಎಬ್ಬಿಸು), ಅಕೊಸ್ತಾರ್ (ಮಲಗಿಸು), ವೆಸ್ತೀರ್ (ಉಡಿಸು) ಎಂಬವು ಮೊದಲು. ಅವಕ್ಕೆ ‘ಸೆ’ ಸೇರಿದ ಮೇಲೆ ಏಳು, ಮಲಗು, ಉಟ್ಟುಕೊಳ್ಳು ಎಂಬ ಅರ್ಥಗಳು ಬರುತ್ತವೆ. ಕನ್ನಡಿಗನು ‘ಏಳು’ ಎಂಬಲ್ಲಿ ‘ಕೊಳ್ಳು’ ಇಲ್ಲವೆಂದು ‘ಸೆ’ಯನ್ನು ಬಿಟ್ಟು ‘ಲೆವಂತಾಬ’ ಎಂದಷ್ಟೇ ಹೇಳಿದರೆ, ಕೇಳಿದವನು ‘ಏನನ್ನು ಎತ್ತುತ್ತಿದ್ದನು?’ ಎಂದು ಕಾದು ನಿಲ್ಲುವನು.

ಎರಡನೆಯ ವ್ಯತ್ಯಾಸ ಇನ್ನೂ ಸೂಕ್ಷ್ಮವಾದುದು. ‘ಕೊಳ್ಳು’ ಎಂಬುದು ಎಲ್ಲ ಪುರುಷಗಳಿಗೂ ಸಮಾನ. ಕರ್ತೃವನ್ನು ಕೊನೆಯ ಪ್ರತ್ಯಯವು ಹೇಳುತ್ತದೆ. ಸ್ಪ್ಯಾನಿಷ್ ಅಪೂರ್ಣಭೂತದಲ್ಲಿಯಾದರೋ ಉತ್ತಮ ಪುರುಷ, ಪ್ರಥಮ ಪುರುಷಗಳ ಏಕವಚನ ಪ್ರತ್ಯಯ ಒಂದೇ ಆಗಿದೆ. ಅದಲ್ಲದೆ ‘ಮೆ’ ಎಂಬುದು ಆತ್ಮಾರ್ಥಕವೂ ಹೌದು, ‘ನನ್ನನ್ನು’ ಎಂಬ ಸಾಧಾರಣ ಕರ್ಮವೂ ಹೌದು. ಆದಕಾರಣ ‘ಮೆ ವೆಸ್ತೀಯ’ ಎಂಬುದಕ್ಕೆ ‘ನಾನು ಉಟ್ಟುಕೊಳ್ಳುತ್ತಿದ್ದೆನು’ ಎಂಬುದೂ ಅರ್ಥ, ‘ಅವಳು ನನಗೆ ಉಡಿಸುತ್ತಿದ್ದಳು’ ಎಂಬುದೂ ಅರ್ಥ. ಪೂರ್ಣಭೂತದಲ್ಲಿ ‘ಮೆ ವೆಸ್ತೀ’ (ನಾನು ಉಟ್ಟುಕೊಂಡೆನು), ‘ಮೆ ವಿಸ್ತಿಯೋ’ (ಅವಳು ನನಗೆ ಉಡಿಸಿದಳು) ಎಂದು ರೂಪಗಳು ಬೇರೆಯಾಗುವುದರಿಂದ ಈ ಸಂದೇಹಕ್ಕೆ ಎಡೆಯಿಲ್ಲ. ಅಪೂರ್ಣಭೂತದಲ್ಲಿಯೂ ‘ತೆ ವೆಸ್ತೀಯಸ್’, ‘ಸೆ ವೆಸ್ತೀಯ’ ಎಂಬವು ಆತ್ಮಾರ್ಥಕಗಳೆಂಬುದು ನಿಶ್ಚಿತ. ತೊಡಕಿರುವುದು ‘ನಾನು’ ಎಂಬ ಒಂದೇ ಮನೆಯಲ್ಲಿ. ಬಾಲ್ಯವನ್ನು ನೆನೆಯುವ ಬರಹದಲ್ಲಿ ಮಗು ತಾನೇ ಉಟ್ಟಿತೋ ತಾಯಿ ಉಡಿಸಿದಳೋ ಎಂಬುದು ಸಣ್ಣ ಮಾತಲ್ಲ. ಅಲ್ಲಿ ಸಂದರ್ಭ ಸಾಲದಿದ್ದರೆ ‘ಯೋ’ (ನಾನು) ಅಥವಾ ‘ಎಯಾ’ (ಅವಳು) ಎಂದು ಕರ್ತೃಪದವನ್ನು ಸೇರಿಸಿ ಸಂದೇಹವನ್ನು ನಿವಾರಿಸಬೇಕು. ಇಂಥ ವಾಕ್ಯವನ್ನು ಕನ್ನಡಕ್ಕೆ ತರುವ ಅನುವಾದಕನು ‘ಉಟ್ಟುಕೊಳ್ಳು’, ‘ಉಡಿಸು’ಗಳಲ್ಲಿ ಒಂದನ್ನು ಆರಿಸಲೇಬೇಕು, ಕನ್ನಡವು ಅವನಿಗೆ ಮರೆಯಲ್ಲಿ ನಿಲ್ಲಲು ಅವಕಾಶ ಕೊಡುವುದಿಲ್ಲ.

ಮತ್ತೆ ಕೆಲವು ಎಡೆಗಳಲ್ಲಿ ಎಚ್ಚರ ಬೇಕು. ‘ಕುಳಿತುಕೊಂಡಿದ್ದನು’ ಎಂಬುದನ್ನು ‘ಸೆ ಸೆಂತಾಬ’ ಎನ್ನಲಾಗದು. ಅದರ ಅರ್ಥ ‘ಕುಳಿತುಕೊಳ್ಳುತ್ತಿದ್ದನು’ ಎಂದು. ಕುಳಿತಿದ್ದ ಸ್ಥಿತಿಗೆ ‘ಎಸ್ತಾಬ ಸೆಂತಾದೊ’ ಎಂದಾಗಬೇಕು. ‘ದೊರ್ಮೀಯ’ ಎಂದರೆ ನಿದ್ರಿಸುತ್ತಿದ್ದನು, ‘ಸೆ ದೊರ್ಮೀಯ’ ಎಂದರೆ ನಿದ್ದೆಹೋಗುತ್ತಿದ್ದನು; ‘ಈಬ’ ಎಂದರೆ ಹೋಗುತ್ತಿದ್ದನು, ‘ಸೆ ಈಬ’ ಎಂದರೆ ಹೊರಟುಹೋಗುತ್ತಿದ್ದನು. ಇಲ್ಲಿ ‘ಸೆ’ಯ ಕೆಲಸವನ್ನು ಕನ್ನಡದಲ್ಲಿ ‘ಕೊಳ್ಳು’ ಮಾಡದೆ ‘ಹೋಗು’ ಎಂಬ ಇನ್ನೊಂದು ಸಹಾಯಕ ಕ್ರಿಯಾಪದ ಮಾಡುತ್ತದೆ. ‘ಸೆ ಎಸ್ಕ್ರಿಬೀಯನ್’ ಎಂಬುದು ಇಬ್ಬರು ಸ್ನೇಹಿತರನ್ನು ಕುರಿತದ್ದಾದರೆ ‘ಬರೆದುಕೊಳ್ಳುತ್ತಿದ್ದರು’ ಎಂದಲ್ಲ, ‘ಒಬ್ಬರಿಗೊಬ್ಬರು ಬರೆಯುತ್ತಿದ್ದರು’ ಎಂದರ್ಥ.

ಸಾಮ್ಯವಿದ್ದಲ್ಲಿ ಮಾತೃಭಾಷೆಯು ದಾರಿಯನ್ನು ಹತ್ತಿರ ಮಾಡುತ್ತದೆ. ಸಾಮ್ಯ ತಪ್ಪಿದಲ್ಲಿ ಯಾವುದು ತಪ್ಪಿತೆಂಬುದನ್ನು ಅಳೆದು ಹೇಳುವ ಕೋಲಾಗುತ್ತದೆ. ಹೊರನಾಡಿನ ಕನ್ನಡ ಮನೆಗಳಲ್ಲಿ ಮಕ್ಕಳು ಇಂಗ್ಲಿಷಿನಲ್ಲಿಯೇ ಓದುತ್ತ, ಮೂರನೆಯ ನಾಲ್ಕನೆಯ ಭಾಷೆಯನ್ನು ಅದರ ಮೂಲಕವೇ ಕಲಿಯುತ್ತ ಬೆಳೆಯುವಾಗ, ಕನ್ನಡವು ಹಬ್ಬದ ದಿನದ ಅಲಂಕಾರವಾಗಿ ಉಳಿಯುವ ಅಪಾಯವುಂಟು. ‘ತೊಳೆದುಕೊಳ್ಳುತ್ತಿದ್ದನು’ ಎಂಬ ಒಂದು ಪದವನ್ನು ಬಿಡಿಸಿ ತೋರಿಸಬಲ್ಲ ಹಿರಿಯರು ಮನೆಯಲ್ಲಿದ್ದರೆ, ಸ್ಪ್ಯಾನಿಷಿನ ಈ ಪ್ರಕರಣದ ಅರ್ಧ ಪಾಠ ಅಲ್ಲಿಯೇ ಮುಗಿದಂತೆ.