ಒಂಬತ್ತು ಹೆಣ್ಣುಗಳ ಆನೆ

ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಬಸ್ಸುಗಟ್ಟಲೆ ಜನ ಬರುತ್ತಾರೆ. ಚೌಟರ ಅರಮನೆಯತ್ತ ತಿರುಗುವವರು ಕಡಿಮೆ. ಮೈಸೂರಿನ ಅರಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಮೊದಲ ನೋಟಕ್ಕೆ ನಿರಾಸೆಯೇ: ಹಂಚಿನ ಮಾಡು, ತಗ್ಗಿದ ಸೂರು, ಗುತ್ತಿನ ಮನೆಯ ಗಾಂಭೀರ್ಯ, ಅಷ್ಟೆ. ಅರಸು ಮನೆತನದವರು ಇನ್ನೂ ವಾಸವಾಗಿರುವ ಮನೆಯಿದು. ಕೇಳಿಯೇ ಒಳಗೆ ಕಾಲಿಡಬೇಕು.

ನೋಡಬೇಕಾದ್ದು ಮರದ ಕಂಬಗಳನ್ನು. ಒಂದರಲ್ಲಿ ಆನೆಯಿದೆ. ಸ್ವಲ್ಪ ಹೊತ್ತು ನಿಂತರೆ ಆನೆ ಕರಗಿ ಒಂಬತ್ತು ಹೆಣ್ಣುಗಳಾಗುತ್ತದೆ. ಬೆನ್ನು, ಕಾಲು, ಸೊಂಡಿಲು ಎಲ್ಲವೂ ಒಬ್ಬರಿಗೊಬ್ಬರು ಹೆಣೆದುಕೊಂಡ ಮೈಗಳೇ. ಇದು ನವನಾರಿ ಕುಂಜರ. ಐದು ಹೆಣ್ಣುಗಳು ಸೇರಿ ಕುದುರೆಯಾದ ಪಂಚನಾರಿ ತುರಗವೂ ಇಲ್ಲಿದೆ. ಒಮ್ಮೆ ಹೆಣ್ಣುಗಳು ಕಂಡ ಮೇಲೆ ಬರೀ ಆನೆಯನ್ನು ನೋಡುವುದೇ ಕಷ್ಟ.

ಉಳ್ಳಾಲದ ರಾಣಿ ಅಬ್ಬಕ್ಕ ಇದೇ ಚೌಟ ವಂಶದವಳು. ಅಳಿಯಸಂತಾನದ ಕಟ್ಟಿನಲ್ಲಿ ಅಧಿಕಾರ ಅವಳಿಗೆ ಬಂದದ್ದು ಸೋದರಮಾವನಿಂದ. ಹಾಗೆಂದು ಅವಳು ಈ ಕಂಬಕ್ಕೆ ಒರಗಿ ಕುಳಿತಿದ್ದಳೆಂದು ಕಲ್ಪಿಸಿಕೊಳ್ಳುವುದು ಬೇಡ. ಅವಳು ಪೋರ್ಚುಗೀಸರೊಡನೆ ಕಾದಾಡಿದ್ದು 16ನೇ ಶತಮಾನದಲ್ಲಿ; ಈ ಕೆತ್ತನೆ 17ನೆಯದ್ದೆನ್ನುತ್ತಾರೆ.

ಅರಸರ ಮನೆಯ ಮರಗೆಲಸವೆಂದರೆ ಯುರೋಪಿನವರಿಗೆ ಬೇರೆಯೇ ನೆನಪು. ಜರ್ಮನಿಯ ನಾಯ್‌ವೀಡ್ ಪಟ್ಟಣದ ಡೇವಿಡ್ ರೋಂಟ್‌ಗನ್ (1743–1807) ಮಾಡಿದ ಮೇಜು, ಬೀರುಗಳನ್ನು ಫ್ರಾನ್ಸಿನ 16ನೇ ಲೂಯಿ, ರಷ್ಯಾದ ಕ್ಯಾಥರೀನ್ ಕೊಂಡರು. ಬಣ್ಣಬಣ್ಣದ ಮರದ ತೆಳುಹಾಳೆಗಳನ್ನು ಕತ್ತರಿಸಿ, ಒಂದರ ಪಕ್ಕ ಒಂದನ್ನು ಅಂಟಿಸುವ ಕೆಲಸ ಅದು. ನಮ್ಮ ಕರಾವಳಿಯ ನಾಲ್ಕು ತಿಂಗಳ ಮಳೆಗೆ ಆ ಅಂಟು ಸಡಿಲಿ, ಹಾಳೆಗಳು ಏಳುತ್ತಿದ್ದವು. ಇಡೀ ದಿಮ್ಮಿಯನ್ನೇ ಕೆತ್ತಿದ್ದು ಈ ಊರಿನ ಹವೆಗೆ ಸರಿಯಾದ ಬುದ್ಧಿ.

ಇನ್ನೂ ಒಂದು ವ್ಯತ್ಯಾಸ. ಫ್ರಾನ್ಸಿನಲ್ಲಿ ಕ್ರಾಂತಿಯಾದ ಮೇಲೆ ವರ್ಸೈ ಅರಮನೆಯ ಸಾಮಾನು ಹರಾಜಾಯಿತು. ಅಂಥ ಬೀರುವಿನ ಬೆಲೆ ಇವತ್ತು ನಿಂತಿರುವುದು ಅದು ಯಾರ ಕೋಣೆಯಲ್ಲಿತ್ತು ಎಂಬ ದಾಖಲೆಯ ಮೇಲೆ. ಚೌಟರ ಕಂಬಕ್ಕೆ ಆ ಕಾಗದ ಬೇಡ. ಅದು ಮಾಡು ಹೊತ್ತು ನಿಂತಿದೆ. ಹೊತ್ತ ಜಾಗವೇ ಅದರ ವಂಶಾವಳಿ.

ಬೆಳ್ತಂಗಡಿಗೆ ಹೋಗುವಾಗ ವೇಣೂರಿನಲ್ಲಿ ಅಲ್ಲಿನ ಅಜಿಲ ಅರಸರು 1604ರಲ್ಲಿ ನಿಲ್ಲಿಸಿದ ಬಾಹುಬಲಿ ಸಿಗುತ್ತಾನೆ. ಅದು ಕಲ್ಲಿನ ಮಾತು, ದಾಟಿಬಿಡೋಣ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೆಯ ವಸ್ತುಗಳ ರಾಶಿ ನೋಡಿ ಕಣ್ಣು ದಣಿಯುತ್ತದೆ. ನನಗೆ ಹಿಡಿಸಿದ್ದು ಬಂಟ್ವಾಳದ ಬಿ.ಸಿ. ರೋಡಿನ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿ ಕಟ್ಟಿದ ತುಳು ಬದುಕು ವಸ್ತುಸಂಗ್ರಹಾಲಯ. ಇಲ್ಲಿ ಅರಸರಿಲ್ಲ, ಅಡುಗೆಮನೆಯ, ಗದ್ದೆಯ, ಅಳತೆಯ ಸಾಮಾನು. ಬಳಸಿ ಬಳಸಿ ಹಿಡಿಯ ಭಾಗ ಸವೆದ ಮರ.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಜೋಡಿಸಿದರು. ಎಲ್ಲ ಮನೆಗೂ ಆ ಭಾಗ್ಯವಿಲ್ಲ. ಪಾಲಾದ ತರವಾಡು ಮನೆಗಳ ಬಾಗಿಲು, ಕಂಬ, ಮುಚ್ಚಿಗೆಗಳು ಲಾರಿ ಹತ್ತಿ ರೆಸಾರ್ಟು, ಬಂಗಲೆಗಳಿಗೆ ಹೋಗುತ್ತವೆ. ಯಾವ ಊರು, ಯಾವ ಮನೆ ಎಂದು ಒಂದು ಚೀಟಿಯನ್ನಾದರೂ ಬರೆದು ಅಂಟಿಸುವವರಿಲ್ಲ. ಕೊಳ್ಳುವವರು ಕೇಳುವುದು ಹಲಸೋ, ಸಾಗುವಾನಿಯೋ, ಅಡಿಗೆಷ್ಟು ಎಂದು ಮಾತ್ರ.