ಹಡಗಿನ ಕ್ಯಾಸಿನೋಗೆ ಎಷ್ಟು ದುಡ್ಡು? ಹತ್ತುವ ಮೊದಲೇ ಹಾಕಬೇಕಾದ ಲೆಕ್ಕ

ಫೋರ್ಟ್ ಲೀಯಿಂದ ಬೇಯಾನ್‌ನ ಕೇಪ್ ಲಿಬರ್ಟಿ ಬಂದರಿಗೆ ಟ್ರಾಫಿಕ್ ಇಲ್ಲದ ಹೊತ್ತಿನಲ್ಲಿ ಅರ್ಧ ಗಂಟೆ ದಾರಿ. ಜಾರ್ಜ್ ವಾಷಿಂಗ್ಟನ್ ಸೇತುವೆ ದಾಟಿ ನದಿಯ ಪಕ್ಕದಲ್ಲೇ ಇಳಿದರೆ ಮ್ಯಾನ್‌ಹಟನ್ ಕ್ರೂಸ್ ಟರ್ಮಿನಲ್ ಇನ್ನೂ ಹತ್ತಿರ. ವಿಮಾನದ ಟಿಕೆಟ್ ಬೇಡ, ಹೋಟೆಲ್ ಹುಡುಕಾಟ ಬೇಡ, ಊರಿಂದ ಬಂದ ಅಪ್ಪ-ಅಮ್ಮನಿಗೂ ಓಡಾಟ ಕಡಿಮೆ. ಹಾಗಾಗಿ ಬೇಸಿಗೆ ಬಂತೆಂದರೆ ನಮ್ಮ ಕಡೆಯ ಕನ್ನಡ ಕುಟುಂಬಗಳು ನಾಲ್ಕೈದು ಮನೆ ಸೇರಿ ಬರ್ಮುಡಾಕ್ಕೋ ಬಹಾಮಾಸ್‌ಗೋ ಹಡಗು ಹತ್ತುವುದು ಈಗ ಮಾಮೂಲು. ಹಡಗೆಂದ ಮೇಲೆ ಕ್ಯಾಸಿನೋ ಇದ್ದೇ ಇರುತ್ತದೆ. ಡೈನಿಂಗ್ ಹಾಲ್‌ನಿಂದ ಥಿಯೇಟರ್‌ಗೆ ಹೋಗುವ ದಾರಿ ಬಹಳ ಸಲ ಅದರ ನಡುವೆಯೇ ಹಾದುಹೋಗುತ್ತದೆ. ಅದು ಆಕಸ್ಮಿಕವಲ್ಲ.

ಜೂಜು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಬೇಕಾದವರು ಆಡುತ್ತಾರೆ, ಬೇಡದವರು ಡೆಕ್ ಮೇಲೆ ಕಾಫಿ ಕುಡಿಯುತ್ತಾರೆ. ಆದರೆ ಆಡುವವರು ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಎಷ್ಟು ಇಟ್ಟುಕೊಂಡು ಹೋಗಬೇಕು, ಹೇಗೆ ಮ್ಯಾನೇಜ್ ಮಾಡಬೇಕು?" ಷೇರು, ಇಂಡೆಕ್ಸ್ ಫಂಡ್ ಬಗ್ಗೆ ಬರೆಯುವವನು ಇದಕ್ಕೂ ಒಂದು ಸೂತ್ರ ಕೊಡುತ್ತಾನೆ ಎಂಬ ನಿರೀಕ್ಷೆ. ಸೂತ್ರ ಇದೆ. ಆದರೆ ಅದು ಹೂಡಿಕೆಯ ಸೂತ್ರಕ್ಕೆ ಪೂರ್ತಿ ತಿರುಗುಮುರುಗು.

ಮಂಡ್ಯ, ಮೈಸೂರು ಕಡೆಯವರಿಗೆ ಯುಗಾದಿಯ ಇಸ್ಪೀಟು ಗೊತ್ತಿರುತ್ತದೆ. ಅರಳಿಕಟ್ಟೆಯಲ್ಲೋ ಯಾರದೋ ತೋಟದಲ್ಲೋ ಹತ್ತು ಜನ ಕೂತು ಅಂದರ್-ಬಾಹರ್ ಆಡುತ್ತಾರೆ. ಅಲ್ಲಿ ಸಂಜೆಯ ಹೊತ್ತಿಗೆ ಒಬ್ಬನ ಜೇಬು ಖಾಲಿ, ಇನ್ನೊಬ್ಬನ ಜೇಬು ಭರ್ತಿ. ಆದರೆ ಹತ್ತೂ ಜನರ ದುಡ್ಡು ಕೂಡಿಸಿದರೆ ಬೆಳಿಗ್ಗೆ ಎಷ್ಟಿತ್ತೋ ಅಷ್ಟೇ. ಕ್ಯಾಸಿನೋದಲ್ಲಿ ಹಾಗಲ್ಲ. ಪ್ರತಿ ಸುತ್ತಿನಲ್ಲೂ ಸರಾಸರಿ ಒಂದಿಷ್ಟು ಪಾಲು ಮೇಜಿನಿಂದ ಹೊರಗೆ ಸೋರುತ್ತದೆ. ಅದಕ್ಕೆ ಹೌಸ್ ಎಡ್ಜ್ ಎನ್ನುತ್ತಾರೆ. ರೂಲೆಟ್ ಚಕ್ರದಲ್ಲಿ ಒಂದೇ ಸೊನ್ನೆ ಇದ್ದರೆ ಅದು ಶೇ. 2.70, ಎರಡು ಸೊನ್ನೆ ಇದ್ದರೆ ಶೇ. 5.26, ಮೂರು ಸೊನ್ನೆ ಇದ್ದರೆ ಶೇ. 7.69. ಬ್ಯಾಕರಾದಲ್ಲಿ ಬ್ಯಾಂಕರ್ ಮೇಲೆ ಕಟ್ಟಿದರೆ ಶೇ. 1.06, ಅದೇ ಮೇಜಿನಲ್ಲಿ 'ಟೈ' ಮೇಲೆ ಕಟ್ಟಿದರೆ ಶೇ. 14ಕ್ಕಿಂತ ಹೆಚ್ಚು. ಬ್ಲ್ಯಾಕ್‌ಜ್ಯಾಕ್‌ನಲ್ಲಿ ಮೊದಲ ಎರಡೇ ಎಲೆಯಲ್ಲಿ 21 ಬಂದಾಗ 3ಕ್ಕೆ 2ರಂತೆ ಕೊಡುವ ಮೇಜಿನಲ್ಲಿ, ಸರಿಯಾದ ಬೇಸಿಕ್ ಸ್ಟ್ರಾಟಜಿ ಆಡುವವರಿಗೆ ಸುಮಾರು ಶೇ. 0.5. ಅದೇ 6ಕ್ಕೆ 5ರಂತೆ ಕೊಟ್ಟರೆ ಶೇ. 1.4ರಷ್ಟು ಏರುತ್ತದೆ. 15 ಡಾಲರ್ ಕಟ್ಟಿದಾಗ ಬರಬೇಕಾದ 22.50ರ ಬದಲು 18 ಬರುತ್ತದೆ, ಅಷ್ಟೇ ವ್ಯತ್ಯಾಸ. ಹಡಗುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಈ ಎರಡನೆಯ ಬಗೆ. ಮೇಜಿನ ಬಟ್ಟೆಯ ಮೇಲೇ ಬರೆದಿರುತ್ತದೆ, ಕೂರುವ ಮೊದಲು ಓದಿ.

ಸ್ಲಾಟ್ ಮಷೀನ್ ಮೇಲೆ ಹೀಗೆ ಏನೂ ಬರೆದಿರುವುದಿಲ್ಲ. ಅಟ್ಲಾಂಟಿಕ್ ಸಿಟಿಯಲ್ಲಾದರೆ ಮಷೀನ್ ಕನಿಷ್ಠ ಶೇ. 83 ವಾಪಸು ಕೊಡುವಂತಿರಬೇಕು ಎಂಬ ನ್ಯೂಜೆರ್ಸಿ ನಿಯಮವಿದೆ. ಹಡಗಿನ ಮೇಲೆ ಹಾರುವುದು ಹೆಚ್ಚಾಗಿ ಬಹಾಮಾಸ್ ಅಥವಾ ಪನಾಮಾದ ಬಾವುಟ. ಬಂದರಿನಲ್ಲಿ ಬಾಗಿಲು ಹಾಕಿರುವ ಕ್ಯಾಸಿನೋ, ಹಡಗು ಹೊರಸಮುದ್ರ ಮುಟ್ಟಿದ ಮೇಲೆ ತೆರೆಯುತ್ತದೆ, ಅಲ್ಲಿಗೆ ನಮ್ಮ ರಾಜ್ಯದ ಗೇಮಿಂಗ್ ಇಲಾಖೆಯ ಕೈ ತಲುಪುವುದಿಲ್ಲ. (2016ರಲ್ಲಿ ಉತ್ತರ ಜೆರ್ಸಿಗೂ ಕ್ಯಾಸಿನೋ ತರೋಣವೇ ಎಂದು ಮತಕ್ಕೆ ಹಾಕಿದಾಗ ಜನ ಭಾರಿ ಬಹುಮತದಿಂದ ಬೇಡ ಎಂದರು. ಆದರೂ ಬೇಯಾನ್‌ನಿಂದ ಕ್ಯಾಸಿನೋ ವಾರವಾರ ತೇಲಿಕೊಂಡು ಹೋಗುತ್ತಲೇ ಇದೆ!)

ಈಗ ಲೆಕ್ಕ. ಆಟದ ಸರಾಸರಿ ಖರ್ಚು ತಿಳಿಯಲು ನಾಲ್ಕು ಸಂಖ್ಯೆ ಸಾಕು: ಒಂದು ಸುತ್ತಿಗೆ ಕಟ್ಟುವ ಹಣ, ಗಂಟೆಗೆ ಎಷ್ಟು ಸುತ್ತು, ಎಷ್ಟು ಗಂಟೆ, ಹೌಸ್ ಎಡ್ಜ್ ಎಷ್ಟು. ಗುಣಿಸಿ. 15 ಡಾಲರ್‌ನ 6:5 ಬ್ಲ್ಯಾಕ್‌ಜ್ಯಾಕ್ ಮೇಜು, ಗಂಟೆಗೆ 60 ಸುತ್ತು, ಒಂದು ಸಂಜೆ 3 ಗಂಟೆ, ಎಡ್ಜ್ ಶೇ. 2 ಅಂದುಕೊಳ್ಳಿ. 15 × 60 × 3 = 2,700 ಡಾಲರ್ ನಿಮ್ಮ ಕೈಯಿಂದ ಮೇಜಿನ ಮೇಲೆ ಹೋಗಿ ಬಂದಿರುತ್ತದೆ. ಅದರ ಶೇ. 2 ಎಂದರೆ 54 ಡಾಲರ್. ಮೂರು ಗಂಟೆಯ ಮನರಂಜನೆಗೆ 54 ಡಾಲರ್ ದುಬಾರಿ ಅಲ್ಲ, ಬ್ರಾಡ್‌ವೇ ಟಿಕೆಟ್‌ಗಿಂತ ಅಗ್ಗ. ಇನ್ನು ಸ್ಲಾಟ್ ಮಷೀನ್: ಸಲಕ್ಕೆ 1 ಡಾಲರ್, ಗಂಟೆಗೆ 500 ಸಲ, ಎಡ್ಜ್ ಶೇ. 10 ಎಂದು ಇಟ್ಟುಕೊಂಡರೆ ಗಂಟೆಗೆ 50 ಡಾಲರ್. ಒಂದೊಂದು ಡಾಲರ್ ಆಡುವವರು, 15 ಡಾಲರ್ ಕಟ್ಟುವವರಿಗಿಂತ ಹೆಚ್ಚು ಕಳೆಯುತ್ತಾರೆ. "ನಾನು ಸಣ್ಣದಾಗಿ ಆಡ್ತೀನಪ್ಪ" ಎನ್ನುವವರು ಈ ಸಾಲನ್ನು ಎರಡು ಸಲ ಓದಲಿ.

ಆದರೆ 54 ಎಂಬುದು ಸರಾಸರಿ. ಆ ಸಂಜೆ ನಿಮಗೆ ನಿಜವಾಗಿ ಆಗುವುದು ಅದರ ಸುತ್ತಮುತ್ತ ಬಹಳ ದೂರದವರೆಗೆ ಹರಡಿರುತ್ತದೆ. ಬ್ಲ್ಯಾಕ್‌ಜ್ಯಾಕ್‌ನಲ್ಲಿ ಒಂದು ಸುತ್ತಿನ ಸ್ಟ್ಯಾಂಡರ್ಡ್ ಡೀವಿಯೇಷನ್ ಕಟ್ಟಿದ ಹಣದ ಸುಮಾರು 1.15 ಪಟ್ಟು. 180 ಸುತ್ತಿಗೆ ಅದು ಸುಮಾರು 231 ಡಾಲರ್. ಅಂದರೆ ಆರು ಸಂಜೆಯಲ್ಲಿ ಒಂದು ಸಂಜೆ 285 ಡಾಲರ್‌ಗಿಂತ ಹೆಚ್ಚು ಹೋಗುವುದು ಸಹಜ. 300 ಡಾಲರ್ ಇಟ್ಟುಕೊಂಡು ಕೂತರೆ, ನನ್ನ ಲೆಕ್ಕದಲ್ಲಿ ನಾಲ್ಕರಲ್ಲಿ ಒಂದು ಸಂಜೆ ಮೂರು ಗಂಟೆ ಮುಗಿಯುವ ಮೊದಲೇ ಕೈ ಖಾಲಿ. ಅಪಾಯ ಇರುವುದು ಸರಾಸರಿಯಲ್ಲಿ ಅಲ್ಲ, ಆ ನಾಲ್ಕನೆಯ ಸಂಜೆ. ಗಂಟೆ ಒಂಬತ್ತೂವರೆ, ಹೆಂಡತಿ ಮಕ್ಕಳು ಶೋ ನೋಡಲು ಹೋಗಿದ್ದಾರೆ, ಸುತ್ತ ನೀರು, ಮನೆಗೆ ಹೋಗೋಣ ಎಂದರೆ ಮನೆ ಇಲ್ಲ, ಕೊರಳಲ್ಲಿ ಕ್ಯಾಬಿನ್ ಕಾರ್ಡ್ ನೇತಾಡುತ್ತಿದೆ.

ಇಲ್ಲೇ ಹೂಡಿಕೆಗೂ ಇದಕ್ಕೂ ಇರುವ ವ್ಯತ್ಯಾಸ ಬರುವುದು. ಇಂಡೆಕ್ಸ್ ಫಂಡ್ ಬಿದ್ದಾಗ ನಾವು ಇನ್ನಷ್ಟು ಕೊಳ್ಳುತ್ತೇವೆ, 401(ಕೆ) ಕಡೆ ತಿರುಗಿ ನೋಡದೆ ಇಪ್ಪತ್ತು ವರ್ಷ ಬಿಡುತ್ತೇವೆ. ಅದು ಕೆಲಸ ಮಾಡುವುದು ಏಕೆಂದರೆ ಅಲ್ಲಿ ನಿರೀಕ್ಷಿತ ಲಾಭ ಸೊನ್ನೆಗಿಂತ ಮೇಲಿದೆ, ಸಮಯ ನಮ್ಮ ಪರ. ಮೇಜಿನ ಮುಂದೆ ಅದೇ ಸಮಯ ನಮ್ಮ ವಿರುದ್ಧ. ಮೇಲಿನ ಮೇಜಿನಲ್ಲೇ ಒಂದು ಗಂಟೆ ಆಡಿ ಎದ್ದವರಲ್ಲಿ ನೂರಕ್ಕೆ ಸುಮಾರು 45 ಜನ ಲಾಭದಲ್ಲಿರುತ್ತಾರೆ. ಐದು ಸಂಜೆ, ಮೂರು ಮೂರು ಗಂಟೆ ಆಡಿದರೆ ನೂರಕ್ಕೆ ಸುಮಾರು 30. ಇಂಥ ಹತ್ತು ಪ್ರವಾಸ ಮಾಡಿದವರಲ್ಲಿ ನೂರಕ್ಕೆ ಸುಮಾರು 5. ಹಾಗಾಗಿ ಹಿಡಿತದಲ್ಲಿ ಇಡಬೇಕಾದದ್ದು ಹಣಕ್ಕಿಂತ ಮೊದಲು ಗಂಟೆ.

1956ರಲ್ಲಿ ನಮ್ಮ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿದ್ದ ಜಾನ್ ಕೆಲ್ಲಿ, ಬಂಡವಾಳದ ಎಷ್ಟು ಭಾಗ ಪಣಕ್ಕಿಡಬೇಕು ಎಂಬುದಕ್ಕೆ ಒಂದು ಸೂತ್ರ ಕೊಟ್ಟರು. ಹೂಡಿಕೆದಾರರು ಇಂದಿಗೂ ಬಳಸುತ್ತಾರೆ. ಕಟ್ಟಿದಷ್ಟೇ ಗೆಲ್ಲುವ ಆಟದಲ್ಲಿ ಗೆಲ್ಲುವ ಸಾಧ್ಯತೆ ಶೇ. 60 ಇದ್ದರೆ 60ರಿಂದ 40 ಕಳೆದು ಶೇ. 20 ಕಟ್ಟಿ ಎನ್ನುತ್ತದೆ ಅದು. ಎರಡು ಸೊನ್ನೆಯ ರೂಲೆಟ್‌ನಲ್ಲಿ ಕೆಂಪಿನ ಮೇಲೆ ಕಟ್ಟಿದರೆ? 47.37ರಿಂದ 52.63 ಕಳೆಯಬೇಕು. ಉತ್ತರ ಸೊನ್ನೆಗಿಂತ ಕೆಳಗೆ, ಅಂದರೆ ಏನೂ ಕಟ್ಟಬೇಡಿ. "ಬ್ಯಾಂಕ್‌ರೋಲ್ ಮ್ಯಾನೇಜ್‌ಮೆಂಟ್" ಎಂದು ಯಾರೇ ಏನೇ ಮಾರಿದರೂ ಈ ಮೈನಸ್ ಚಿಹ್ನೆ ಪ್ಲಸ್ ಆಗುವುದಿಲ್ಲ.

ನಮ್ಮ ಎಂಜಿನಿಯರ್ ಮಿತ್ರರಿಗೆ ಪ್ರಿಯವಾದ ಡಬಲ್ ಮಾಡುವ ಉಪಾಯವೂ ಅಷ್ಟೇ. 10 ಸೋತರೆ 20, ಆಮೇಲೆ 40, 80, 160, 320. ಒಮ್ಮೆ ಗೆದ್ದರೆ ಎಲ್ಲ ವಾಪಸು ಬಂದು 10 ಲಾಭ. ಸತತ ಆರು ಸಲ ಸೋತರೆ 630 ಹೋಯಿತು, ಮುಂದಿನ 640ಕ್ಕೆ ಮೇಜಿನ ಗರಿಷ್ಠ ಮಿತಿ ಅಡ್ಡ ಬರಬಹುದು. ಆರು ಸತತ ಸೋಲು ಅಪರೂಪವಲ್ಲವೇ ಎಂದರೆ, ಎರಡು ಸೊನ್ನೆಯ ಚಕ್ರದಲ್ಲಿ 47ಕ್ಕೆ ಒಂದು ಸಲ ಬರುತ್ತದೆ. ಉಳಿದ 46 ಸಲದ ಲಾಭ 460. ಧರ್ಮರಾಯನೂ ಇನ್ನೊಂದು ಆಟಕ್ಕೆ ವಾಪಸು ಕೂತದ್ದು ಹೀಗೇ ಇರಬೇಕು.

ಹಾಗಾದರೆ ನಾನು ಹೇಳುವ ವಿಧಾನ ಏನು? ಮನೆಯಲ್ಲೇ, ಊಟದ ಮೇಜಿನ ಮುಂದೆ, ಗಂಡ ಹೆಂಡತಿ ಇಬ್ಬರೂ ಕೂತು ಪ್ರವಾಸದ ಬಜೆಟ್‌ನಲ್ಲಿ ಕ್ಯಾಸಿನೋಗೆ ಒಂದು ಮೊತ್ತ ಬರೆಯಿರಿ. ಅದು ಪೂರ್ತಿ ಹೋದರೂ ಊರಿಗೆ ಕಳಿಸುವ ದುಡ್ಡು, ಮಾರ್ಟ್‌ಗೇಜ್, ಮಕ್ಕಳ 529 ಖಾತೆ ಯಾವುದೂ ಅಲ್ಲಾಡಬಾರದು. ಆಮೇಲೆ ಮೇಜಿನ ಕನಿಷ್ಠ ಬೆಟ್‌ನ 20 ಪಟ್ಟು ಒಂದು ಸಂಜೆಗೆ ಎಂದು ಲೆಕ್ಕ ಹಾಕಿ. 15 ಡಾಲರ್ ಮೇಜಿಗೆ 300. ಮೊತ್ತ 600 ಇದ್ದರೆ ನಿಮಗೆ ಎರಡು ಸಂಜೆ ಇದೆ, ಐದಲ್ಲ. 600ನ್ನು ಐದು ಭಾಗ ಮಾಡಿ 120 ಹಿಡಿದು ಕೂರುವುದಕ್ಕಿಂತ ಇದು ಒಳ್ಳೆಯದು, ಏಕೆಂದರೆ ಎಂಟೇ ಬೆಟ್ ಇಟ್ಟುಕೊಂಡು ಕೂತವರು ಅರ್ಧ ಗಂಟೆಯಲ್ಲೇ ಕಾರ್ಡ್ ಕಡೆ ನೋಡುತ್ತಾರೆ. ಪ್ರತಿ ಸಂಜೆಗೆ ಒಂದು ಲಕೋಟೆ, ಒಳಗೆ ನಗದು, ಮೇಲೆ ದಿನಾಂಕ. ಉಳಿದ ಲಕೋಟೆ ಕ್ಯಾಬಿನ್‌ನ ಸೇಫ್‌ನಲ್ಲಿ. ಗೆದ್ದದ್ದು ಅದೇ ಲಕೋಟೆಗೆ, ಮರುದಿನದ ಆಟಕ್ಕಲ್ಲ.

ನಗದೇ ಏಕೆ? ಕ್ಯಾಬಿನ್ ಕಾರ್ಡ್‌ನಿಂದ ಕ್ಯಾಸಿನೋಗೆ ಹಣ ಎಳೆದರೆ ಅನೇಕ ಹಡಗು ಕಂಪನಿಗಳು ಶೇ. 3ರಿಂದ 5ರಷ್ಟು ಶುಲ್ಕ ಹಾಕುತ್ತವೆ. 300ಕ್ಕೆ 15 ಡಾಲರ್. ಮೂರು ಗಂಟೆಯ ಆಟದ ಸರಾಸರಿ ಖರ್ಚೇ 54 ಎಂದು ನೋಡಿದೆವು, ಅದರ ಕಾಲು ಭಾಗಕ್ಕಿಂತ ಹೆಚ್ಚು ಒಂದು ಎಲೆ ಬೀಳುವ ಮೊದಲೇ ಹೋಯಿತು. ಅದಕ್ಕಿಂತ ದೊಡ್ಡ ಕಾರಣ, ಒಂದು ಕುಟುಂಬದ ಎಲ್ಲ ಕಾರ್ಡ್‌ಗಳೂ ಸಾಮಾನ್ಯವಾಗಿ ಒಂದೇ ಕ್ರೆಡಿಟ್ ಕಾರ್ಡ್‌ಗೆ ಜೋಡಣೆಯಾಗಿರುತ್ತವೆ. ಮಕ್ಕಳ ಐಸ್‌ಕ್ರೀಮ್, ಅಪ್ಪನ ವೈಫೈ, ನಿಮ್ಮ ಕ್ಯಾಸಿನೋ ಎಲ್ಲ ಸೇರಿ ಕೊನೆಯ ದಿನ ಒಂದೇ ಮೊತ್ತವಾಗಿ ಬರುತ್ತದೆ. ಹತ್ತಿದ ದಿನವೇ ಗೆಸ್ಟ್ ಸರ್ವೀಸಸ್ ಕೌಂಟರ್‌ಗೆ ಹೋಗಿ ಕ್ಯಾಸಿನೋ ಚಾರ್ಜ್ ನಿಲ್ಲಿಸಲು ಅಥವಾ ಮಿತಿ ಹಾಕಲು ಕೇಳಿ. ಎರಡು ನಿಮಿಷದ ಕೆಲಸ.

"ಮುಂದಿನ ಕ್ರೂಸ್ ಫ್ರೀ" ಎಂಬ ಆಫರ್ ಬಗ್ಗೆ. 5 ಡಾಲರ್ ತಿರುಗಿಸಿದರೆ 1 ಪಾಯಿಂಟ್, 2,500 ಪಾಯಿಂಟ್‌ಗೆ ಒಂದು ಕ್ಯಾಬಿನ್ ಎಂದಿದ್ದರೆ 12,500 ಡಾಲರ್ ಮಷೀನ್ ಮೂಲಕ ಹೋಗಬೇಕು. ಶೇ. 10ರಂತೆ 1,250 ಡಾಲರ್ ಆ "ಫ್ರೀ"ಯ ಬೆಲೆ, ಬಂದರಿನ ತೆರಿಗೆ ಮತ್ತು ಟಿಪ್ಸ್ ಬೇರೆ.

ತೆರಿಗೆ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ: ಸಮುದ್ರದ ಮೇಲೆ ಗೆದ್ದದ್ದಕ್ಕೆ ತೆರಿಗೆ ಇಲ್ಲ ಅಂತ. ಗ್ರೀನ್ ಕಾರ್ಡ್ ಇರಲಿ, ತೆರಿಗೆ ಲೆಕ್ಕದಲ್ಲಿ ರೆಸಿಡೆಂಟ್ ಆಗಿರುವ ಎಚ್-1ಬಿ ಇರಲಿ, ಜಗತ್ತಿನ ಯಾವ ಮೂಲೆಯಲ್ಲಿ ಗೆದ್ದರೂ ಅದು ಆದಾಯ. ಸ್ಲಾಟ್‌ನಲ್ಲಿ ಡಬ್ಲ್ಯೂ-2ಜಿ ಫಾರ್ಮ್ ಕೊಡುವ ಮಿತಿ 2025ರವರೆಗೆ 1,200 ಡಾಲರ್ ಇತ್ತು, 2026ರಿಂದ 2,000. ಫಾರ್ಮ್ ಬರಲಿಲ್ಲ ಎಂದರೆ ತೆರಿಗೆ ಇಲ್ಲ ಎಂದಲ್ಲ. ಸೋಲನ್ನು ಕಳೆಯಬೇಕೆಂದರೆ ಫೆಡರಲ್‌ನಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು ಐಟಮೈಸ್ ಮಾಡಬೇಕು, ಅದೂ 2026ರಿಂದ ಸೋಲಿನ ಶೇ. 90 ಮಾತ್ರ. ವರ್ಷದಲ್ಲಿ 10,000 ಗೆದ್ದು 10,000 ಸೋತವರು 1,000 ಡಾಲರ್ "ಆದಾಯ"ಕ್ಕೆ ತೆರಿಗೆ ಕಟ್ಟುತ್ತಾರೆ. ನ್ಯೂಜೆರ್ಸಿ ಇಲ್ಲಿ ಸ್ವಲ್ಪ ಉದಾರಿ. ಅದೇ ವರ್ಷದ ಸೋಲನ್ನು ಗೆಲುವಿನಿಂದ ಕಳೆದು ಉಳಿದದ್ದನ್ನಷ್ಟೇ ತೋರಿಸಬಹುದು. ಎರಡಕ್ಕೂ ದಾಖಲೆ ಬೇಕು: ದಿನಾಂಕ, ಹಡಗು, ಆಟ, ಗೆಲುವು-ಸೋಲು. ಲಕೋಟೆಯ ಮೇಲೆ ಬರೆದಿಟ್ಟರೆ ಅದೇ ಡೈರಿ.

ದೊಡ್ಡ ಮೊತ್ತ ಗೆದ್ದವರಿಗೆ ಇನ್ನೊಂದು ಮಾತು. 10,000 ಡಾಲರ್‌ಗಿಂತ ಹೆಚ್ಚು ನಗದು ಹಿಡಿದು ಬಂದರಿನಲ್ಲಿ ಇಳಿದರೆ ಕಸ್ಟಮ್ಸ್‌ನಲ್ಲಿ ಘೋಷಿಸಬೇಕು. ತರುವುದು ತಪ್ಪಲ್ಲ, ಹೇಳದಿರುವುದು ತಪ್ಪು. ಒಂದೇ ಫಾರ್ಮ್ ತುಂಬುವ ಕುಟುಂಬಕ್ಕೆ ಎಲ್ಲರ ಕೈಯಲ್ಲಿರುವುದೂ ಸೇರಿ ಲೆಕ್ಕ.

ಕೊನೆಯದಾಗಿ, ಲಕೋಟೆ ತನ್ನನ್ನು ತಡೆಯುವುದಿಲ್ಲ ಎಂದು ಗೊತ್ತಿರುವವರಿಗೆ. ನ್ಯೂಜೆರ್ಸಿಯ ಸೆಲ್ಫ್-ಎಕ್ಸ್‌ಕ್ಲೂಷನ್ ಪಟ್ಟಿಗೆ ಹೆಸರು ಕೊಟ್ಟರೆ ಅಟ್ಲಾಂಟಿಕ್ ಸಿಟಿ ಮತ್ತು ರಾಜ್ಯದ ಆನ್‌ಲೈನ್ ಆಟಗಳು ನಿಮಗೆ ಬಾಗಿಲು ಹಾಕುತ್ತವೆ, ಆದರೆ ಹಡಗಿಗೆ ಅದು ತಾನಾಗಿ ಅನ್ವಯಿಸುವುದಿಲ್ಲ. ಬುಕ್ ಮಾಡುವಾಗಲೇ ಹಡಗು ಕಂಪನಿಗೆ ಬೇರೆಯಾಗಿ ಕೇಳಬೇಕು. 1-800-ಗ್ಯಾಂಬ್ಲರ್ ಸಹಾಯವಾಣಿಗೆ ಆಡುವವರೇ ಕರೆಯಬೇಕೆಂದಿಲ್ಲ, ಮನೆಯವರೂ ಕರೆಯಬಹುದು.