ರಹೀಂ ಸಾಬ್: ಮೈದಾನಿನ ಮೇಷ್ಟ್ರು

ಜೂನ್ 11 ಸೈಯದ್ ಅಬ್ದುಲ್ ರಹೀಂ ಅವರು ಅಲ್ಲಾಹನ ಕರೆಗೆ ಓಗೊಟ್ಟ ದಿನ. 1963ರಲ್ಲಿ, ಅವರಿಗೆ ಆಗ 53 ವರ್ಷ. 2024ರ ಈದುಲ್ ಫಿತ್ರ್ ಹೊತ್ತಿಗೆ ‘ಮೈದಾನ್’ ಎಂಬ ಹಿಂದಿ ಸಿನೆಮಾ ಬಂದ ಮೇಲೆ ನಮ್ಮ ಮಕ್ಕಳಿಗೂ ಈ ಹೆಸರು ಗೊತ್ತುಂಟು. ಆದರೆ ಸಿನೆಮಾದಲ್ಲಿ ಕಂಡದ್ದೆಲ್ಲ ಚರಿತ್ರೆಯಲ್ಲ, ಅದರಲ್ಲಿ ಸೇರಿಸಿದ್ದೂ ಇರುತ್ತದೆ, ಬಿಟ್ಟದ್ದೂ ಇರುತ್ತದೆ. ಹಾಗಾಗಿ ಈ ವಾರ ಅವರ ಬಗ್ಗೆ ನಾಲ್ಕು ಮಾತು ಬರೆಯೋಣ ಅಂತ ನಮಗೆ ಅನ್ನಿಸಿತು.

ರಹೀಂ ಸಾಬ್ ಹುಟ್ಟಿದ್ದು 1909ರಲ್ಲಿ, ಹೈದರಾಬಾದಿನಲ್ಲಿ. ವೃತ್ತಿಯಲ್ಲಿ ಶಾಲಾ ಮೇಷ್ಟ್ರು. ಕಾಚಿಗುಡ ಮಿಡ್ಲ್ ಸ್ಕೂಲ್, ದಾರುಲ್ ಉಲೂಮ್ ಹೈಸ್ಕೂಲ್, ಚಾದರ್‌ಘಾಟ್ ಹೈಸ್ಕೂಲ್ ಹೀಗೆ ಹಲವು ಕಡೆ ಕಲಿಸಿದರು. ನಡುವೆ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಮಾಡಿಕೊಂಡರು. 1943ರಿಂದ ಕೊನೆಯುಸಿರಿನ ತನಕ ಹೈದರಾಬಾದ್ ಫುಟ್ಬಾಲ್ ಸಂಸ್ಥೆಯ ಕಾರ್ಯದರ್ಶಿ. 1950ರಿಂದ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಕೋಚ್. ಆ ತಂಡ 1950ರಿಂದ 1954ರವರೆಗೆ ಬೊಂಬಾಯಿಯ ರೋವರ್ಸ್ ಕಪ್ಪನ್ನು ಸತತ ಐದು ಸಲ ಎತ್ತಿತು. ಅದಕ್ಕೂ ಮುಂಚೆ, 1937 ಮತ್ತು 1938ರಲ್ಲಿ, ಅದೇ ಕಪ್ಪನ್ನು ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ ಗೆದ್ದಿತ್ತು. ಇದು ನಮ್ಮಲ್ಲಿ ಎಷ್ಟು ಜನರಿಗೆ ನೆನಪುಂಟು?

ಅವರ ಕಲಿಸುವ ಕ್ರಮ ನೋಡಿದರೆ ಶಾಲೆಯ ಮೇಷ್ಟ್ರೇ ಮೈದಾನಿಗೆ ಇಳಿದು ಬಂದ ಹಾಗೆ. ಬಲಗಾಲಿನವನಿಗೆ ಎಡಗಾಲಿನಲ್ಲೂ ಒದೆಯಲು ಬರಬೇಕು. ಚೆಂಡು ಹಿಡಿದುಕೊಂಡು ಒಬ್ಬನೇ ಮೆರೆಯುವಂತಿಲ್ಲ, ಬಂದ ಕೂಡಲೇ ಜತೆಗಾರನಿಗೆ ದಾಟಿಸಬೇಕು. ಹುಡುಗರಿಗೆ ಇದು ಅಭ್ಯಾಸವಾಗಲಿ ಅಂತ ಡ್ರಿಬಲ್ ಮಾಡಲೇಬಾರದೆಂಬ ನಿಯಮದ ಪಂದ್ಯಾಟಗಳನ್ನೇ ನಡೆಸುತ್ತಿದ್ದರು. ಸಿಕಂದರಾಬಾದಿನ ಬಡಮನೆಯ ಹುಡುಗ ತುಳಸೀದಾಸ್ ಬಲರಾಮ್‌ನಲ್ಲಿ ಅಭ್ಯಾಸಕ್ಕೆ ಬರಲು ಕಾಸಿಲ್ಲ ಅಂತ ಗೊತ್ತಾದಾಗ ಬಾಡಿಗೆ ಸೈಕಲ್ಲಿಗೆ ತಾವೇ ದುಡ್ಡು ಕೊಟ್ಟರು. ಆ ಬಲರಾಮ್ ಮುಂದೆ ಭಾರತದ ಅತಿ ದೊಡ್ಡ ಮುನ್ಪಡೆ ಆಟಗಾರರಲ್ಲಿ ಒಬ್ಬರಾದರು.

ದೇಶದ ತಂಡದ ಕಥೆ ಬಹಳ ಜನರಿಗೆ ಗೊತ್ತಿರುವುದೇ. 1951ರಲ್ಲಿ ದಿಲ್ಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಇರಾನನ್ನು 1-0ರಿಂದ ಸೋಲಿಸಿ ಚಿನ್ನ. ಬೆಂಗಳೂರಿನ ಅಹ್ಮದ್ ಖಾನ್ ಆ ತಂಡದಲ್ಲಿದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯದ ಎದುರು 10-1ರ ಸೋಲು. ನಮ್ಮವರಲ್ಲಿ ಹಲವರು ಆ ಚಳಿಯಲ್ಲಿ ಬರಿಗಾಲಲ್ಲೇ ಆಡಿದ್ದರು. ಅಂಥಾ ಸೋಲಿನ ಮೇಲೆ ಯಾರಾದರೂ ಕೈಚೆಲ್ಲುತ್ತಿದ್ದರು. ಇವರು ಚೆಲ್ಲಲಿಲ್ಲ. ನಾಲ್ಕೇ ವರ್ಷದಲ್ಲಿ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ, ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ಸೆಮಿಫೈನಲಿಗೆ ಹೋದರು, ನಾಲ್ಕನೇ ಸ್ಥಾನ ಪಡೆದರು. ಫುಟ್ಬಾಲಿನಲ್ಲಿ ಭಾರತ ಒಲಿಂಪಿಕ್ಸ್‌ನಲ್ಲಿ ಅದಕ್ಕಿಂತ ಮೇಲೆ ಹೋದದ್ದೇ ಇಲ್ಲ.

ಈಗ ಮನೆಯ ಮಾತು. ಒಬ್ಬ ಮನುಷ್ಯನ ಮನೆಯೊಳಗಿನ ಸಂಗತಿ ಮನೆಯವರಿಗೆ ಸೇರಿದ್ದು, ನಾವು ಅಲ್ಲಿಗೆ ಇಣುಕುವುದು ಸರಿಯಲ್ಲ. ಆದರೆ ಒಂದು ವಿಷಯ ಎಲ್ಲರ ಕಣ್ಣಮುಂದೆಯೇ ನಡೆಯಿತು. ಅವರ ಮಗ ಸೈಯದ್ ಶಾಹಿದ್ ಹಕೀಂ ಸ್ವತಃ ಒಳ್ಳೆಯ ಆಟಗಾರ. 1960ರ ರೋಮ್ ಒಲಿಂಪಿಕ್ಸ್ ತಂಡಕ್ಕೆ ಆಯ್ಕೆಯಾಗಿದ್ದರು. ಕೋಚ್ ಯಾರು? ಬಾಪನೇ. ಭಾರತ ಅಲ್ಲಿ ಹಂಗೇರಿ, ಫ್ರಾನ್ಸ್, ಪೆರು ಎದುರು ಮೂರು ಪಂದ್ಯ ಆಡಿತು. ಮೂರರಲ್ಲಿ ಒಂದರಲ್ಲೂ ಮಗ ಮೈದಾನಿಗೆ ಇಳಿಯಲಿಲ್ಲ. ನಮ್ಮ ಕಮಿಟಿಗಳಲ್ಲಿ, ಕ್ಲಬ್‌ಗಳಲ್ಲಿ ಅಧ್ಯಕ್ಷರ ಮಗನಿಗೆ, ಅಳಿಯನಿಗೆ ಜಾಗ ಹೇಗೆ ಸಿಗುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ? ಹಾಗೆಂದು ಮಗ ಬಾಪನ ಮೇಲೆ ಮುನಿದು ಆಟ ಬಿಡಲಿಲ್ಲ. ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆದರು, ಅಂತರರಾಷ್ಟ್ರೀಯ ರೆಫ್ರಿಯಾದರು, ಬಾಪನ ಹಾಗೆಯೇ ಕೋಚ್ ಕೂಡ ಆದರು. ಪ್ರೀತಿ ಇಲ್ಲದ ಮನೆಯಲ್ಲಿ ಹೀಗೆ ಆಗುವುದಿಲ್ಲ ಅಂತ ನಾವು ತಿಳಿಯುತ್ತೇವೆ.

1962ರಲ್ಲಿ ಜಕಾರ್ತಕ್ಕೆ ಹೋಗುವ ಹೊತ್ತಿಗೆ ಕ್ಯಾನ್ಸರ್ ಅವರ ದೇಹವನ್ನು ಒಳಗಿಂದ ತಿನ್ನುತ್ತಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯದ ಎದುರು 2-0ರ ಸೋಲು. ಥಾಯ್ಲೆಂಡ್ ಎದುರಿನ ಪಂದ್ಯದಲ್ಲಿ ಜರ್ನೈಲ್ ಸಿಂಗ್ ತಲೆ ಒಡೆದುಕೊಂಡರು, ಹೊಲಿಗೆ ಬಿತ್ತು. ಗೋಲ್ ಕೀಪರ್ ಪೀಟರ್ ತಂಗರಾಜ್‌ಗೆ ಜ್ವರ. ತೈವಾನ್, ಇಸ್ರೇಲ್ ತಂಡಗಳನ್ನು ಇಂಡೋನೇಷ್ಯ ಹೊರಗಿಟ್ಟದ್ದನ್ನು ಭಾರತದ ಕ್ರೀಡಾಧಿಕಾರಿಯೊಬ್ಬರು ಪ್ರಶ್ನಿಸಿದ್ದರಿಂದ ಅಲ್ಲಿನ ಜನರಿಗೆ ನಮ್ಮ ಮೇಲೆ ಭಯಂಕರ ಸಿಟ್ಟು. ರಹೀಂ ಸಾಬ್ ಮಾಡಿದ್ದೇನು? ಡಿಫೆಂಡರ್ ಆಗಿದ್ದ ಜರ್ನೈಲ್ ಸಿಂಗ್‌ರನ್ನು, ತಲೆಗೆ ಬ್ಯಾಂಡೇಜ್ ಇರುವಂತೆಯೇ, ಮುಂದೆ ಗೋಲು ಹೊಡೆಯುವ ಜಾಗದಲ್ಲಿ ನಿಲ್ಲಿಸಿದರು. ಫೈನಲಿನ ಹಿಂದಿನ ರಾತ್ರಿ ಹುಡುಗರನ್ನು ಸೇರಿಸಿ, ನನಗೆ ನಿಮ್ಮಿಂದ ಒಂದು ಉಡುಗೊರೆ ಬೇಕು ಎಂಬ ಅರ್ಥದ ಮಾತು ಹೇಳಿದರು ಅಂತ ಪಿ.ಕೆ. ಬ್ಯಾನರ್ಜಿ ನಂತರ ಎಷ್ಟೋ ಸಲ ನೆನಪಿಸಿಕೊಂಡದ್ದುಂಟು.

ಸೆಪ್ಟೆಂಬರ್ 4ರಂದು ಸುಮಾರು ಒಂದು ಲಕ್ಷ ಜನ ಕೂಗಿ ಅಣಕಿಸುತ್ತಿದ್ದ ಸ್ಟೇಡಿಯಮ್ಮಿನಲ್ಲಿ ಅದೇ ಕೊರಿಯವನ್ನು 2-1ರಿಂದ ಸೋಲಿಸಿದರು. ಮೊದಲ ಗೋಲು ಪಿ.ಕೆ. ಅವರದ್ದು, ಎರಡನೆಯದ್ದು ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಜರ್ನೈಲ್‌ರದ್ದು. ಆ ಗ್ಯಾಲರಿಯಲ್ಲಿ ನಮ್ಮವರಿಗೆ ಚಪ್ಪಾಳೆ ಹೊಡೆದವರು ಪಾಕಿಸ್ತಾನದ ಹಾಕಿ ಆಟಗಾರರು ಎಂದು ತಂಡದವರೇ ಹೇಳಿದ್ದಾರೆ. ಬಂಗಾಳಿ, ಸಿಖ್, ಗೋವಾದ ಕ್ರೈಸ್ತ, ಹೈದರಾಬಾದಿನ ಮುಸ್ಲಿಂ ಎಲ್ಲರೂ ಇದ್ದ ತಂಡ ಅದು. ಏಷ್ಯನ್ ಗೇಮ್ಸ್ ಫುಟ್ಬಾಲಿನಲ್ಲಿ ಭಾರತಕ್ಕೆ ಆಮೇಲೆ ಚಿನ್ನ ಬಂದಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇವೆ. ಆಟ ಅಂದರೆ ಬರೀ ಸಮಯ ಹಾಳು ಅಂತ ಮಕ್ಕಳನ್ನು ಗದರುವ ಬಾಪಂದಿರು ನಮ್ಮಲ್ಲಿ ಇದ್ದಾರೆ. ಮಗ್ರಿಬ್ ಬಾಂಗ್ ಆದರೂ ಮೈದಾನು ಬಿಡದ ಹುಡುಗನನ್ನು ಗದರಲೇಬೇಕು, ಅದು ಬೇರೆ. ಆದರೆ ಪ್ರವಾದಿ (ಸ.ಅ.) ಅವರು ಆಯಿಷಾ (ರ.ಅ.) ಅವರ ಜತೆ ಓಟದ ಪಂದ್ಯ ನಡೆಸಿದ್ದನ್ನು ನಾವೇ ಮದ್ರಸದಲ್ಲಿ ಕಲಿಸುತ್ತೇವೆ. ಅಸರ್ ನಮಾಝ್ ಮುಗಿಸಿ, ಲುಂಗಿ ಬದಲಿಸಿ, ವಿಸಿಲ್ ಹಿಡಿದು ಪರರ ಮಕ್ಕಳಿಗೆ ಆಟ ಹೇಳಿಕೊಡಲು ಬರುವ ಕಾಕಂದಿರು ಕರಾವಳಿಯ ಊರೂರಲ್ಲೂ ಇದ್ದಾರೆ. ಕಪ್ ಗೆದ್ದ ಹುಡುಗರ ಫ್ಲೆಕ್ಸ್ ಬೀಳುತ್ತದೆ, ಅವರದ್ದು ಬೀಳುವುದಿಲ್ಲ. ದೇಶಕ್ಕೂ ಇದೇ ಅಭ್ಯಾಸ ಇತ್ತು ಮಾರ್ರೆ. ಕೋಚ್‌ಗಳಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದದ್ದೇ 1985ರಲ್ಲಿ, ರಹೀಂ ಸಾಬ್ ತೀರಿ 22 ವರ್ಷ ಕಳೆದ ಮೇಲೆ.

ಜಕಾರ್ತದಿಂದ ಬಂದು ಒಂಬತ್ತು ತಿಂಗಳಿಗೆ ಅವರು ಹೋದರು. ಮಗ ಹಕೀಂ ಅವರಿಗೆ 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಬಂತು. 2021ರ ಆಗಸ್ಟ್ 22ರಂದು ನಮ್ಮದೇ ರಾಜ್ಯದ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ, 82ರ ವಯಸ್ಸಿನಲ್ಲಿ, ಅವರೂ ತೀರಿಕೊಂಡರು. ತಂದೆ, ಮಗ ಇಬ್ಬರಿಗೂ ಅಲ್ಲಾಹನು ಮಗ್ಫಿರತ್ ನೀಡಲಿ, ಆಮೀನ್.